ಒಳಗಿಂದ ಕೆಮ್ಮಿದವಳು

ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಮೂವತ್ತು ವರ್ಷ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಹುಣಸೆಮರದಲ್ಲಿ ಏನೋ ಇದೆ ಎಂದು ಮಕ್ಕಳು ಹೆದರಿದರೆ ಅದೇ ಮರದ ಕೆಳಗೆ ಕೂರಿಸಿ ಪಾಠ ಮಾಡಿದವಳು. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನ್ನದೇನೂ ತಕರಾರಿಲ್ಲ. ನಾಲ್ಕು ವರ್ಷದ ಹಿಂದೆ ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಅದಕ್ಕೂ ಮೊದಲು ನಾಚಿಕೆ ಬಿಟ್ಟು ಒಂದು ಮಾತು ಹೇಳಬೇಕು. ನನಗೆ ಗಂಟೆಗೊಮ್ಮೆ ಮೂತ್ರಕ್ಕೆ ಹೋಗಲೇಬೇಕು. ನಾನಿದ್ದ ಶಾಲೆಗಳಲ್ಲಿ ಹೆಂಗಸರು ಹೋಗುವಂಥ ಜಾಗ ಇರಲಿಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯ ತನಕ ನೀರು ಕುಡಿಯದೆ, ತಡೆದುಕೊಂಡು ತಡೆದುಕೊಂಡು, ಕಡೆಗೊಂದು ದಿನ ದೇಹವೇ ಇನ್ನಾಗದು ಎಂದಿತು. ನಿವೃತ್ತಿಯ ಹೊತ್ತಿಗೆ ನಾನು ಬಸ್ಸು ಹತ್ತುವುದನ್ನೇ ಬಿಟ್ಟಿದ್ದೆ. ತಂಗಿಯ ಮಗಳ ಮದುವೆಗೆ ಹೋಗಲಿಲ್ಲ. ಬನಹಟ್ಟಿಯ ನಮ್ಮ ಮನೆಯಿಂದ ಜಮಖಂಡಿಗೆ ಹೋಗಬೇಕೆಂದರೂ ಹಿಂದಿನ ರಾತ್ರಿಯಿಂದಲೇ ನೀರು ಬಂದ್. ಗಂಡಸರು ಗಾಡಿ ನಿಲ್ಲಿಸಿ ರಸ್ತೆ ಪಕ್ಕದಲ್ಲಿ ನಿಂತು ಮುಗಿಸಿ ಬರುತ್ತಾರೆ. ನಾವೇನು ಮಾಡಬೇಕು?

ನನ್ನ ಯಜಮಾನರು ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಒಂದು ಶಾಲೆಯವರು ಹಳೆಯ ಬಸ್ಸು ಮಾರುತ್ತಿದ್ದಾರೆ, ಕೊಂಡು ಬಿಚ್ಚಿ ಬಿಡಿಭಾಗ ಮಾರೋಣ ಎಂದು ಅವರು ಮನೆಗೆ ಸುದ್ದಿ ತಂದರು. ನಾನು ಬಿಡಲಿಲ್ಲ.

"ಬಿಚ್ಚಬ್ಯಾಡ್ರಿ. ಅದನ್ನ ಮನಿ ಮಾಡ್ರಿ. ಅದರಾಗ ನನಗೊಂದು ಸಂಡಾಸ ಕಟ್ಟಿ ಕೊಡ್ರಿ. ಆಮ್ಯಾಲ ನೋಡ್ರಿ, ನಾ ಎಲ್ಲೆಲ್ಲಿ ತಿರಗತೇನಿ."

ಚಿಮ್ಮಡದಲ್ಲಿರುವ ನಮ್ಮ ಹೊಲದಲ್ಲಿ ಆ ಬಸ್ಸು ಆರು ತಿಂಗಳು ನಿಂತಿತ್ತು. ಸೀಟುಗಳನ್ನು ಬಿಚ್ಚಿ ಹಲಗೆಯ ಮಂಚ ಹಾಕಿದೆವು. ಎರಡು ಬರ್ನರಿನ ಒಲೆ, ಟಾಪಿನ ಮೇಲೆ ನೀರಿನ ಟಾಕಿ, ಕಿಟಕಿಗಳಿಗೆ ನಮ್ಮೂರ ಮಗ್ಗದ ಬಟ್ಟೆಯ ಪರದೆ. ಹಿಂದೆ, ಕೊನೆಯ ಸೀಟಿದ್ದ ಮೂಲೆಯಲ್ಲಿ, ಮೂರಡಿ ಅಗಲದ ತಗಡಿನ ಕೋಣೆ. ಗಾಳಿಗೆ ಅಂಗೈಯಗಲದ ಒಂದು ಕಿಂಡಿ. ಬಾಗಿಲಿಗೆ ಒಳಗಿನಿಂದ ಯಜಮಾನರು ಹಾಕಿದ ಕಬ್ಬಿಣದ ಚಿಲಕ ಎಷ್ಟು ಬಿಗಿಯಾಗಿತ್ತೆಂದರೆ ಎರಡೂ ಕೈ ಹಾಕಿ ತಳ್ಳಬೇಕು. ಈ ಚಿಲಕವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಓಣಿಯವರಿಗೆ ಹಬ್ಬವೋ ಹಬ್ಬ. "ಟೀಚರ್, ಬಸ್ ಎಷ್ಟಕ್ಕ ಬಿಡತೈತ್ರಿ? ಸಂಡಾಸಕ್ಕ ತಿಕೀಟ ಬ್ಯಾರೇ ಏನ್ರಿ?" ಎನ್ನುವವರು. ಎಂಬತ್ತು ದಾಟಿದ ನನ್ನ ಅತ್ತೆಯಂತೂ ಆರು ತಿಂಗಳೂ ಮುಖ ಗಂಟು ಹಾಕಿಕೊಂಡೇ ಇದ್ದರು. "ಉಣ್ಣೂದೂ ಅಲ್ಲೇ, ಅದೂ ಅಲ್ಲೇ. ದೇವರ ಫೋಟೋ ಎಲ್ಲಿ ಇಡ್ತೀ ತಂಗಿ?" ಎಂದು ನನ್ನನ್ನು ಕೇಳುತ್ತಿದ್ದರು. ಮುಂದೆ, ಡ್ರೈವರ್ ಹತ್ತಿರ ಇಡುತ್ತೇನೆ, ದಾರಿ ನೋಡಿಕೊಳ್ಳಲಿ ಎಂದೆ.

ಕಬ್ಬಿನ ಹಂಗಾಮಿನಲ್ಲಿ ಒಂದು ಭಾನುವಾರ ನಾವು ನಾಲ್ವರು ಹೊರಟೆವು: ನಾನು, ಯಜಮಾನರು, ಅತ್ತೆ, ಮಗಳು ಸುಮಾ. ಗಲಗಲಿಯಲ್ಲಿ ಹೊಳೆಯ ದಂಡೆಗೆ ಬಸ್ಸು ನಿಲ್ಲಿಸಿ, ರೊಟ್ಟಿ ಬದನೆಕಾಯಿ ಪಲ್ಯ ಉಂಡು, ಅಲ್ಲೇ ಮಲಗಿ, ಬೆಳಿಗ್ಗೆ ಬೇಗ ಮುಧೋಳಕ್ಕೆ ಹೊರಡುವುದು ಎಂದಾಗಿತ್ತು. ಸುಮಾ ಅಲ್ಲಿಯೇ ಕಚೇರಿಗೆ ಹೋಗಬೇಕಿತ್ತು. ಆ ರಾತ್ರಿ ಊಟಕ್ಕೆ ಕುಳಿತಾಗ ನಾನು ಎರಡು ತಂಬಿಗೆ ನೀರು ಕುಡಿದೆ. ಮನೆಯ ಹೊರಗೆ ಹೊಟ್ಟೆ ತುಂಬ ನೀರು ಕುಡಿದು ಎಷ್ಟು ವರ್ಷವಾಗಿತ್ತೋ ನನಗೇ ನೆನಪಿಲ್ಲ. ಬಹಳ ಸಂತೋಷವಾಗಿತ್ತು.

ಬೆಳಗಿನ ಜಾವ ಎಚ್ಚರವಾಯಿತು. ನನ್ನ ಸಂಡಾಸ ನಾಲ್ಕು ಹೆಜ್ಜೆಯಲ್ಲಿತ್ತು. ಆದರೆ ಅದರ ತಗಡಿಗೆ ತಾಗಿಕೊಂಡೇ ಅತ್ತೆ ಮಲಗಿದ್ದರು. ಒಳಗೆ ಹೋದರೆ ಸಪ್ಪಳವೆಲ್ಲ ಕೇಳುತ್ತದೆ. ನನ್ನ ಬಗ್ಗೆ ನಾನೇ ಸುಳ್ಳು ಹೇಳಬಾರದು. ಆರು ತಿಂಗಳು ಜಗಳವಾಡಿ ಕಟ್ಟಿಸಿಕೊಂಡ ಸಂಡಾಸವನ್ನು ಅಲ್ಲೇ ಬಿಟ್ಟು, ಕೈಗೆ ಸಿಕ್ಕ ಚರಗಿಗೆ ನೀರು ತುಂಬಿಕೊಂಡು, ಕಳ್ಳಿಯ ಹಾಗೆ ಬಸ್ಸಿನಿಂದಿಳಿದು ಜಾಲಿಕಂಟಿಯ ಮರೆಗೆ ಹೋದೆ. ದಂಡೆಯಲ್ಲಿ ಆಗಲೇ ಮೀನು ಹಿಡಿಯುವವರ ಓಡಾಟವಿತ್ತು, ಹೀಗಾಗಿ ದೂರವೇ ಹೋಗಬೇಕಾಯಿತು.

ಮರಳಿ ಬರುವಾಗ ಬಸ್ಸು ಹೊರಟಿತ್ತು. ಓಡಿದೆ, ಕೂಗಿದೆ. ಅದು ತಿರುವು ದಾಟಿ ಹೋಯಿತು. ಫೋನು ದಿಂಬಿನ ಕೆಳಗಿತ್ತು. ಬೆಳ್ಳಂಬೆಳಿಗ್ಗೆ ರಸ್ತೆಯಲ್ಲಿ ಚರಗಿ ಹಿಡಿದು ನಿಂತ ನಿವೃತ್ತ ಶಿಕ್ಷಕಿಯನ್ನು ನೀವೇ ಊಹಿಸಿಕೊಳ್ಳಿ. ನಗುವವರ ಮುಂದೆ ಎಡವಿ ಬಿದ್ದ ಹಾಗೆ ಎನ್ನುತ್ತಾರಲ್ಲ, ಅದೇ. ಸ್ವಲ್ಪ ಹೊತ್ತಿಗೆ ಕಬ್ಬು ಕಡಿಯಲು ಹೊರಟ ಹೆಂಗಸರಿದ್ದ ಟಂಟಂ ಗಾಡಿ ಬಂತು. ಅವರಲ್ಲೊಬ್ಬಳು ನನ್ನ ಮುಖ ನೋಡಿದಳು, ಚರಗಿ ನೋಡಿದಳು, "ಬಿಟ್ಟು ಹೋದರೇನ್ರಿ? ಬರ್ರಿ, ಕುಂದರ್ರಿ" ಎಂದು ಸರಿದು ಜಾಗ ಕೊಟ್ಟಳು. ಬೇರೇನೂ ಕೇಳಲಿಲ್ಲ.

ಹತ್ತು ಹನ್ನೆರಡು ಕಿಲೋಮೀಟರ್ ಹೋದ ಮೇಲೆ ಒಂದು ಕ್ರಾಸಿನ ಚಹಾದಂಗಡಿಯ ಮುಂದೆ ನಮ್ಮ ಹಳದಿ ಬಸ್ಸು ಕಂಡಿತು. ಇಳಿದು ಬಿರುಸಾಗಿ ಹೋದೆ, ಚೆನ್ನಾಗಿ ಬೈಯಬೇಕೆಂದು. ಬಸ್ಸು ಹತ್ತಿದರೆ ಮೂವರೂ ನನಗೆ ಬೆನ್ನು ಮಾಡಿ ಸಂಡಾಸದ ಬಾಗಿಲ ಮುಂದೆ ನಿಂತಿದ್ದರು.

"ಇಷ್ಟೊತ್ತು ಏನ್ ಮಾಡ್ತಾಳಪಾ?" ಎಂದು ಅತ್ತೆ ಕೇಳುತ್ತಿದ್ದರು.

"ಇರ್ಲಿ ಬಿಡಬೇ, ಜಲ್ಮದಾಗ ಮೊದಲನೇ ಸಲ ನಿವಾಂತ ಕುಂತಾಳ" ಎಂದರು ಯಜಮಾನರು.

"ಯಾರು ಕುಂತಾರ್ರಿ?" ಎಂದೆ.

ಮೂವರೂ ತಿರುಗಿ ನೋಡಿದರು. ಸುಮಾಳ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗೆ ಬಿತ್ತು.

ಆಮೇಲೆ ನಾನು ಮೂವರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ, ನಕಲು ಮಾಡಿದ ಮಕ್ಕಳನ್ನು ಕೇಳಿದ ಹಾಗೆ. ಮೂವರೂ ಹೇಳಿದ್ದು ಒಂದೇ. ಹೊರಡುವ ಮುನ್ನ ನನ್ನ ಹಾಸಿಗೆ ಖಾಲಿ ಇತ್ತು. ಸುಮಾ ಹೋಗಿ ಸಂಡಾಸದ ಬಾಗಿಲು ಎಳೆದು ನೋಡಿದಳು, ಒಳಗಿನಿಂದ ಚಿಲಕ ಬಿದ್ದಿತ್ತು. ಅತ್ತೆ, "ತಂಗಿ, ಒಳಗ ಅದೀಯೇನ?" ಎಂದು ಕೇಳಿದರು. ಒಳಗಿನಿಂದ ಎರಡು ಸಲ ಕೆಮ್ಮು ಬಂತು. ನಮ್ಮ ಕಡೆ ಹೆಂಗಸರು ಅಲ್ಲಿಂದ ಬಾಯಿಬಿಟ್ಟು ಉತ್ತರ ಕೊಡುವುದಿಲ್ಲ, ಕೆಮ್ಮುತ್ತಾರೆ. ಇದ್ದೇನೆ ಎಂದು ಅದರ ಅರ್ಥ. ಇನ್ನೇನು ಬೇಕು? ಗಾಡಿ ಬಿಟ್ಟರು. ದಾರಿಯಲ್ಲಿ ಸುಮಾ ಒಮ್ಮೆ, "ಅವ್ವಾ, ಆರಾಮ ಅದಿಯಿಲ್ಲೋ?" ಎಂದು ತಗಡು ತಟ್ಟಿದಳು. ಒಳಗಿನಿಂದಲೂ ತಟ್ಟಿದರು. ನೀರು ಸುರಿದ ಸಪ್ಪಳವೂ ಕೇಳಿತು.

ಯಜಮಾನರು ಸಂದಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ, ಬೆವರು ಸುರಿಸಿ, ಆ ಚಿಲಕ ಸರಿಸಿದರು. ಒಳಗೆ ಯಾರೂ ಇರಲಿಲ್ಲ. ನೆಲ ಒದ್ದೆಯಾಗಿತ್ತು. ರಾತ್ರಿ ನಾನೇ ತುಂಬಿಸಿಟ್ಟ ಬಕೆಟ್ಟು ಅರ್ಧಕ್ಕಿಂತ ಕೆಳಗಿಳಿದಿತ್ತು. ತಂಬಿಗೆ ಬೋರಲಾಗಿತ್ತು. ಹೊಸ ಸಾಬೂನಿನ ಮೇಲೆ ಇನ್ನೂ ನೊರೆ ಇತ್ತು.

ನೀವು ಹೇಳಬಹುದಾದ್ದನ್ನೆಲ್ಲ ನಾನು ಆಗಲೇ ನನಗೆ ಹೇಳಿಕೊಂಡಿದ್ದೇನೆ. ಕುಲುಕಾಟಕ್ಕೆ ಬಕೆಟ್ಟಿನ ನೀರು ಚೆಲ್ಲಿರಬಹುದು, ಒಪ್ಪಿದೆ. ಆದರೆ ಚಿಲಕ ಬಿದ್ದಾಗ ಬಸ್ಸು ನಿಂತೇ ಇತ್ತು. ಇಂಜಿನ್ ಕೆಮ್ಮಿರಬೇಕು ಎಂದು ಯಜಮಾನರೂ ಅಂದು ನೋಡಿದರು, ಇಂಜಿನ್ ಇನ್ನೂ ಚಾಲೂ ಆಗಿರಲಿಲ್ಲ. ನಾನು ಬಸ್ಸಿನ ಬಾಗಿಲನ್ನು ಬರೀ ಮುಂದೆ ಮಾಡಿ ಇಳಿದಿದ್ದೆ, ಯಾರೋ ಹೆಂಗಸು ಹತ್ತಿರಬಹುದು. ಹತ್ತಿದವಳು ಎಲ್ಲಿಂದ ಇಳಿದಳು? ಅಂಗೈಯಗಲದ ಕಿಂಡಿಯಿಂದ ಬೆಕ್ಕಿನ ಮರಿಯೂ ಹೊರಗೆ ಹೋಗಲಾರದು.

ಸುದ್ದಿ ನಮಗಿಂತ ಮೊದಲೇ ಬನಹಟ್ಟಿ ಮುಟ್ಟಿತ್ತು. ಶಾಂತಿ ಮಾಡಿಸಿ ಎಂದರು, ಮಾರಿಬಿಡಿ ಎಂದರು. ಆ ಬಸ್ಸಿನಲ್ಲಿ ಯಾರೋ ಸತ್ತಿರಲೇಬೇಕು ಎಂದು ತಾವೇ ತೀರ್ಮಾನ ಮಾಡಿದರು. ನಾನು ಹೋಗಿ ಅದರ ಹಳೆಯ ಡ್ರೈವರನ್ನು ಕೇಳಿ ಬಂದೆ. "ಅದರಾಗ ಒಂದು ಹಲ್ಲಿ ಸುದ್ದಾ ಸತ್ತಿಲ್ರೀ" ಎಂದ. ಜನಕ್ಕೆ ನಿರಾಸೆಯಾಯಿತು.

ಕಡೆಗೆ ಯಜಮಾನರೂ ಸೋತರು. "ಬಸ್ ಇರ್ಲಿ. ಆ ತಗಡಿನ ಖೋಲಿ ಅಷ್ಟ ತಗದ ಬಿಡೂಣು" ಎಂದರು. ನಟ್ಟು ಬಿಚ್ಚುವ ಪಾನಾ ಕೈಯಲ್ಲೇ ಇತ್ತು. ಅದು ಹೋದರೆ ನಾನು ಮತ್ತೆ ಮನೆಯ ನಾಲ್ಕು ಗೋಡೆಯೊಳಗೆ, ಇದು ಅವರಿಗೂ ಗೊತ್ತು. ನಾನು ಹೋಗಿ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಯಾಕ್ ತಗೀಬೇಕ್ರಿ? ಆಕಿ ಯಾರನ್ನ ಹೆದರಸ್ಯಾಳ? ಏನ್ ಕದ್ದಾಳ? ಅವಸರ ಇತ್ತು, ಬಂದ್ಳು, ಚಿಲಕ ಹಾಕ್ಕೊಂಡು ಕುಂತ್ಳು, ಕೈ ತೊಳಕೊಂಡು ಹೋದ್ಳು. ಕಟ್ಟಿಸಿದಾಕಿ ನಾನು ನಾಚಿ ಕಂಟ್ಯಾಗ ಹೋದೆ. ಆಕಿ ನನಕಿಂತ ಶಾಣ್ಯಾಕಿ."

ಅವರು ಪಾನಾ ಕೆಳಗಿಟ್ಟರು. ಆ ಮಾತನ್ನು ನಾನು ಧೈರ್ಯದಿಂದ ಆಡಿದೆನೆಂದು ತಿಳಿಯಬೇಡಿ. ಬೆನ್ನ ಹಿಂದೆ ಏನಾದರೂ ಸಪ್ಪಳವಾಗುತ್ತದೇನೋ ಎಂದು ಕಿವಿ ಅಲ್ಲಿಯೇ ಇತ್ತು. ಏನೂ ಆಗಲಿಲ್ಲ.

ಆ ಬಸ್ಸಿನಲ್ಲಿ ಈಗ ಬೀಳಗಿ, ಬಾದಾಮಿ, ವಿಜಯಪುರ ಎಲ್ಲ ತಿರುಗಿದ್ದೇನೆ. ಒಳಗಿದ್ದವಳು ಯಾರು ಎಂದು ಕೇಳಿದರೆ ಗೊತ್ತಿಲ್ಲ ಎಂದೇ ಹೇಳುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ವಿಜ್ಞಾನದ ಶಿಕ್ಷಕಿಗೆ ಸಂಕೋಚವಿರಬಾರದು. ಎರಡನೆಯ ಸಲ ಹೊರಟಾಗ, ಆರು ತಿಂಗಳು ಮುಖ ಗಂಟು ಹಾಕಿದ್ದ ಅತ್ತೆ ತಮ್ಮ ಮಂಚದಿಂದಲೇ ಕರೆದು ಹೇಳಿದರು: "ತಂಗಿ, ಇನ್ನೊಂದು ಬಕೀಟ ತುಂಬಿಸಿಡ. ಒಬ್ಬಾಕಿ ಹೆಚ್ಚಿಗಿ ಅದಾಳ."

ಅಂದಿನಿಂದ ಎರಡು ಬಕೆಟ್ಟು ಇಡುತ್ತೇವೆ. ಒಳಗೆ ಹೋಗುವ ಮುನ್ನ ನಾನು ಬಾಗಿಲು ತಟ್ಟಿ ಸ್ವಲ್ಪ ಹೊತ್ತು ಕಾಯುತ್ತೇನೆ. ಇದುವರೆಗೆ ಯಾರೂ ಕೆಮ್ಮಿಲ್ಲ. ಆಮೇಲೆ ಹೋಗಿ, ಎರಡೂ ಕೈಯಿಂದ ಚಿಲಕ ತಳ್ಳಿ, ಹೊರಗೆ ಯಾರಾದರೂ ಕರೆದರೆ ಬಾಯಿಬಿಟ್ಟೇ ಹೇಳುತ್ತೇನೆ, ಇದ್ದೀನಿ ಎಂದು. ಆ ಚರಗಿಯನ್ನು ಮಾತ್ರ ಮತ್ತೆ ಬಸ್ಸಿಗೆ ಹತ್ತಿಸಿಲ್ಲ.