ಕೊಡದ ಮೇಲಿಂದ ಎಬ್ಬಿಸುವ ಕೆಲಸ

ಸಿದ್ದಾಪುರದಿಂದ ಶಿರಸಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಕೆಂಪು ಮಣ್ಣಿನ ಇಳಿಜಾರು ಹಿಡಿದರೆ ಕೆಳಗಿನಕೇರಿ ಸಿಗುತ್ತದೆ. ಬೆರಳೆಣಿಕೆಯ ಮನೆಗಳು. ಗಂಡಸರು ಗದ್ದೆ ಕೆಲಸಕ್ಕೋ ಕಾಡಿನಲ್ಲಿ ಮರ ಕಡಿಯುವ ಕೂಪಿಗೋ ಹೋಗುತ್ತಿದ್ದರು, ಮನೆ ನಡೆಸುವವರು ಹೆಂಗಸರು. ಯಾವುದರಿಂದ ನಡೆಸುತ್ತಿದ್ದರು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಗೊತ್ತಿಲ್ಲದವರೂ ಯಾರೂ ಇರಲಿಲ್ಲ. ಕೊಟ್ಟಿಗೆಯ ನೆಲದಲ್ಲಿ ಕುತ್ತಿಗೆಯವರೆಗೆ ಹೂತಿಟ್ಟ ಮಣ್ಣಿನ ಕೊಡ, ಅದರೊಳಗೆ ಬೆಲ್ಲವನ್ನೂ ಮರದ ಚಕ್ಕೆಯನ್ನೂ ಹಾಕಿ ಕೊಳೆಸಿಟ್ಟ ನೀರು. ಕಾಯಿಸಿ ಇಳಿಸಿದರೆ ಕಳ್ಳಭಟ್ಟಿ. ಸರ್ಕಾರಿ ಸಾರಾಯಿಗಿಂತ ಅಗ್ಗ, ಕುಡಿದವರ ಪ್ರಕಾರ ಅದಕ್ಕಿಂತ ರುಚಿ.

ಪೋಲೀಸ್ ಜೀಪು ಬಂತೆಂದರೆ ಆ ಕೇರಿಯ ಚೌಡಮ್ಮ ಗಡಿಬಿಡಿ ಮಾಡುತ್ತಿರಲಿಲ್ಲ. ಕೊಡದ ಬಾಯಿಗೆ ಹಲಗೆ ಮುಚ್ಚಿ, ಮೇಲೆ ಗೋಣಿ ಹಾಸಿ, ಸೀರೆಯ ನಿರಿಗೆ ಅಗಲ ಮಾಡಿ ಕೂತುಬಿಡುತ್ತಿದ್ದಳು. ಮಡಿಲಲ್ಲಿ ಮೊರ, ಮೊರದಲ್ಲಿ ಅಕ್ಕಿ. "ಏಳಮ್ಮ" ಅಂದರೆ "ಸೊಂಟ ಹಿಡ್ಕಂಡದೆ ಸಾಯೇಬ್ರೆ" ಅನ್ನುತ್ತಿದ್ದಳು. ಪಕ್ಕದ ಮನೆಯ ಸುಬ್ಬಿ, ಅದರಾಚೆಯ ಮನೆಯ ದೇವಕಿ, ಎಲ್ಲರಿಗೂ ಜೀಪು ಬಂದ ದಿನವೇ ಸೊಂಟ ಹಿಡಿಯುತ್ತಿತ್ತು. ಕೊಡ ಎಲ್ಲಿದೆಯೆಂದು ಪೋಲೀಸರಿಗೆ ಚೆನ್ನಾಗಿ ಗೊತ್ತು. ಆದರೆ ಹೆಂಗಸರ ಮೈಮುಟ್ಟಿ ಎಬ್ಬಿಸುವಂತಿಲ್ಲ, ಠಾಣೆಯಲ್ಲಿ ಹೆಂಗಸು ಪೋಲೀಸು ಒಬ್ಬರೂ ಇಲ್ಲ. ಬೈದು, ಹೊರಗಿದ್ದ ಹಂಡೆ ಒಡೆದು, ಬೆವರು ಒರೆಸಿಕೊಂಡು ಹೋಗುತ್ತಿದ್ದರು.

ಹೇಳುವಾಗ ನಗು ಬರುತ್ತದೆ. ಚೌಡಮ್ಮನ ಒಬ್ಬಳೇ ಮಗಳು ರೋಹಿಣಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವಳ ಅಪ್ಪ ಘಟ್ಟದ ಕೆಳಗೆ ಕೂಪಿನ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಮೇಲಿನ ರಸ್ತೆಯಲ್ಲಿ ಜೀಪು ಕಂಡ ಕೂಡಲೇ ಅಡ್ಡದಾರಿಯಲ್ಲಿ ಇಳಿದು, ಜೀಪಿಗಿಂತ ಮೊದಲು ಕೇರಿ ಮುಟ್ಟಿ "ಬಂತು" ಅನ್ನುವುದು ಸಣ್ಣಂದಿನಿಂದ ಅವಳ ಕೆಲಸ. ಶಾಲೆಯಲ್ಲಿ ಓಟದ ಬಹುಮಾನ ಅವಳಿಗೆ ಬಂದಾಗಲೆಲ್ಲ ಮೇಷ್ಟರು ಇದು ದೇವರ ವರ ಅನ್ನುತ್ತಿದ್ದರು. ಆ ಓಟ ಯಾರ ವರ ಅನ್ನುವುದು ಅವಳಿಗೆ ಗೊತ್ತಿತ್ತು, ಬಹುಮಾನದ ಸ್ಟೀಲ್ ಲೋಟ ಹಿಡಿದು ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಅವಳ ಪುಸ್ತಕ, ಬಸ್ಸಿನ ಪಾಸು, ಕಾಲಿನ ಚಪ್ಪಲಿ ಎಲ್ಲವೂ ಅದೇ ಕೊಡದಿಂದ ಬಂದದ್ದು.

ಪಿಯುಸಿ ಮುಗಿಸಿ ಸಿದ್ದಾಪುರದ ಟೈಲರ್ ಅಂಗಡಿಯೊಂದರಲ್ಲಿ ಅವಳು ಗುಂಡಿ ಹೊಲಿಯುತ್ತಿದ್ದ ಕಾಲ. ಎರಡು ಸಾವಿರದ ಇಸವಿ ಆಗಷ್ಟೇ ಬಂದಿತ್ತು. ಹೆಡ್ ಕಾನ್‌ಸ್ಟೆಬಲ್ ಅಂದಾನಪ್ಪ ಸಮವಸ್ತ್ರದ ಪ್ಯಾಂಟು ಸಡಿಲ ಮಾಡಿಸಲು ಅಂಗಡಿಗೆ ಬಂದ. ಹಾವೇರಿ ಕಡೆಯವನು, ಅರ್ಧ ಆಯುಷ್ಯ ಈ ಸೀಮೆಯಲ್ಲೇ ಕಳೆದರೂ ಮಾತು ಮಾತ್ರ ಬಯಲುಸೀಮೆಯದ್ದೇ.

"ಏನ ತಂಗಿ, ನಮ್ಮ ಜೀಪಿಗಿಂತ ಮುಂದ ಓಡತಿದ್ದಾಕಿ ಇಲ್ಲಿ ಗುಂಡಿ ಹಚ್ಚಕೋತ ಕುಂತೀಯಲ್ಲ. ಮಹಿಳಾ ಪೋಲೀಸರನ್ನ ತಗೋಳ್ಳಾಕತ್ಯಾರ. ಅರ್ಜಿ ಹಾಕವಾ."

ರೋಹಿಣಿಯ ಸೂಜಿ ಬೆರಳಿಗೆ ಚುಚ್ಚಿತು. ಅಂದರೆ ಈ ಮನುಷ್ಯನಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು. "ನಂಗೆ ಕೊಡ್ತಾರಾ ಸಾರ್? ನಮ್ಮನೆ..." ಎಂದು ನಿಲ್ಲಿಸಿದಳು.

"ನಿಮ್ಮವ್ವನ ಮ್ಯಾಲ ಇವತ್ತಿನ ತನಕ ಒಂದು ಕೇಸ್ ಆಗಿಲ್ಲ. ಹೆಂಗ ಆಗಬೇಕು, ಎದ್ದರಲ್ಲೇನ?" ಅಂದಾನಪ್ಪ ನಕ್ಕ. ಆಮೇಲೆ ಮೆಲ್ಲಗೆ, "ಖರೇ ಹೇಳ್ತೀನಿ ಕೇಳು. ನಮ್ಮಂಥ ಠಾಣೆಗೆ ಹೆಣ್ಣುಮಕ್ಕಳು ಬೇಕಾಗಿರೋದ ಅದಕ್ಕ. ಅವರನ್ನ ಕೈ ಹಿಡದು ಎಬ್ಬಿಸಾಕ ಒಬ್ಬಾಕಿ ಬೇಕು. ವಿಚಾರ ಮಾಡಿ ಹಾಕು," ಅಂದ.

ಖಾಕಿ ಅಂದರೆ ಅವಳಿಗೆ ಆಸೆ. ಆ ಆಸೆ ಯಾವತ್ತು ಹುಟ್ಟಿತೆಂದು ಅವಳಿಗೇ ತಿಳಿಯದು. ಬಹುಶಃ ಮುಳ್ಳುಕಂಟಿಯಲ್ಲಿ ಬಿದ್ದೆದ್ದು ಓಡುತ್ತಿದ್ದ ದಿನಗಳಲ್ಲೇ, ಓಡಿಹೋಗುವವರ ಕಡೆ ಇರುವುದಕ್ಕಿಂತ ಜೀಪಿನಲ್ಲಿ ನೆಟ್ಟಗೆ ಕೂತು ಬರುವವರ ಕಡೆ ಇರಬೇಕು ಅನ್ನಿಸಿತ್ತು. ಅನ್ನಿಸಿದ್ದಕ್ಕೇ ನಾಚಿಕೆಯಾಗಿತ್ತು. ಈಗ ಅಂದಾನಪ್ಪನ ಮಾತು ಕೇಳಿದ ಮೇಲೆ ಆಸೆಯೂ ಬಿಡಲಿಲ್ಲ, ನಾಚಿಕೆಯೂ ಬಿಡಲಿಲ್ಲ.

ಮನೆಗೆ ಬಂದು ಅರ್ಜಿಯ ವಿಷಯ ಹೇಳಿದಳು, ಅಂದಾನಪ್ಪ ಕೊನೆಗೆ ಹೇಳಿದ್ದನ್ನು ಬಿಟ್ಟು. ಅವ್ವ ಬೈಯುತ್ತಾಳೆ, ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದಳು. ಚೌಡಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಮಗಳ ಮುಖವನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಅರಳಿತು.

"ಪೋಲೀಸ್ನೋರ ಮನೆ ಅಂದ್ರೆ ಯಾವ ಜೀಪೂ ಬರೂದಿಲ್ಲ ಅಲ್ಲಾ? ಹಾಕು ಮಗಾ, ಹಾಕು."

ಸಂಜೆಯೊಳಗೆ ಸುದ್ದಿ ಕೇರಿಯಿಡೀ ಹಬ್ಬಿತು. ನಮ್ಮ ಹುಡುಗಿ ಠಾಣೆ ಸೇರಿದರೆ ಇನ್ನು ಸೊಂಟ ಹಿಡಿಯುವ ರಗಳೆಯೇ ಇಲ್ಲ ಎಂದು ಹೆಂಗಸರು ಲೆಕ್ಕ ಹಾಕಿಬಿಟ್ಟರು. ದೇವಕಿ ಹಾಲು ತಂದಳು. ಯಾರೋ ಶೇಂಗಾ ಚಿಕ್ಕಿ ಕೊಟ್ಟರು. ಓಡುವವಳಿಗೆ ಶಕ್ತಿ ಬೇಕೆಂದು ಸುಬ್ಬಿ ದಿನಾ ಬೆಳಿಗ್ಗೆ ನಾಟಿ ಕೋಳಿಯ ಮೊಟ್ಟೆ ಬೇಯಿಸಿ, ಸೆರಗಿನಲ್ಲಿ ಬಿಸಿಬಿಸಿ ಕಟ್ಟಿಕೊಂಡು ಬರುತ್ತಿದ್ದಳು. ಸುಬ್ಬಿಗೆ ಮಕ್ಕಳಿಲ್ಲ. ಹುಚ್ಚ ಅನ್ನುವುದು ಗಂಡನ ಹೆಸರು, ಅವನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿ, ಮಾತು ತೊದಲಾಗಿ, ಹಾಸಿಗೆ ಹಿಡಿದಿದ್ದ. ಅವನನ್ನು ಬಿಟ್ಟು ಅವಳು ಕೂಲಿಗೆ ಹೋಗುವಂತಿರಲಿಲ್ಲ. ಆ ಕೋಳಿಮೊಟ್ಟೆ ಹುಚ್ಚನ ಬಾಯಿಂದ ತಪ್ಪಿಸಿ ತಂದದ್ದು ಅನ್ನುವುದು ರೋಹಿಣಿಗೆ ಗೊತ್ತಿತ್ತು.

"ತಿನ್ನು ಮಗಾ. ನೀ ಪೋಲೀಸಾದ್ರೆ ನಾನೂ ಒಂದಿನ ಕಾಲು ಚಾಚಿ ಮನಿಕ್ಕಳ್ತೆ," ಅನ್ನುತ್ತಿದ್ದಳು ಸುಬ್ಬಿ.

ರೋಹಿಣಿ ತಿನ್ನುತ್ತಿದ್ದಳು. ಬೇಡ ಅಂದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು. ಇವರು ತನ್ನನ್ನು ಸಾಕುತ್ತಿರುವುದು ತಮ್ಮನ್ನು ಕಾಯಲಿಕ್ಕೆ, ತಾನು ಹೋಗುತ್ತಿರುವುದು ಇವರನ್ನು ಹಿಡಿಯಲಿಕ್ಕೆ. ಇಂಥ ಮೋಸ ಆ ಕೇರಿಯಲ್ಲಿ ಕಳ್ಳಭಟ್ಟಿಗೂ ಯಾರೂ ಮಾಡಿರಲಿಲ್ಲ, ನೀರು ಬೆರೆಸಿ ಮಾರುವುದು ಅಂದರೆ ಅಲ್ಲಿ ಮರ್ಯಾದೆಗೇಡು. ಅರ್ಜಿ ಹಾಕುವುದೇ ಬೇಡ ಅಂದುಕೊಂಡು ಅವಳು ಮಲಗುತ್ತಿದ್ದಳು. ಬೆಳಿಗ್ಗೆ ಎದ್ದು ಮತ್ತೆ ರಸ್ತೆಗೆ ಓಡಲು ಹೋಗುತ್ತಿದ್ದಳು.

ಅರ್ಜಿಗೆ ಕಡೆಯ ದಿನ ಹತ್ತಿರ ಬಂತು. ಅವತ್ತು ಮಧ್ಯಾಹ್ನ ಚೌಡಮ್ಮನ ಅಡಿಗೆಮನೆಯಲ್ಲಿ ಸುಬ್ಬಿ, ದೇವಕಿ ಇಬ್ಬರೂ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ರೋಹಿಣಿ ಠಾಣೆ ಸೇರಿದ ಮೇಲೆ ಜೀಪು ಹೊರಡುವ ಮೊದಲೇ ಸುದ್ದಿ ಮುಟ್ಟಿಸುವುದು ಹೇಗೆ ಅನ್ನುವ ಬಗ್ಗೆ ಮಾತು ನಡೆದಿತ್ತು. ರಸ್ತೆ ಮೇಲಿನ ಗೂಡಂಗಡಿಗೆ ಫೋನು ಬರುತ್ತದಂತೆ, ಅಲ್ಲಿಗೆ ಒಂದು ಮಾತು ಹೇಳಿದರಾಯಿತು ಎಂದಳು ದೇವಕಿ. ರೋಹಿಣಿಗೆ ಇನ್ನು ತಡೆಯಲಾಗಲಿಲ್ಲ.

"ಹೆಂಗಸು ಪೋಲೀಸರನ್ನ ತಗಳ್ಳೂದೇ ನಿಮ್ಮನ್ನ ಎಬ್ಸೂಕೆ. ಅಂದಾನಪ್ಪನವರೇ ಹೇಳಿದ್ರು. ನಾ ಇಷ್ಟು ದಿನ ಬಾಯಿ ಮುಚ್ಕೊಂಡು ಇದ್ದೆ," ಅಂದಳು.

ಸುಬ್ಬಿ ನಕ್ಕಳು. "ಅಷ್ಟೇ ಸೈಯಾ? ಎಬ್ಸೂಕೆ ನೀನೇ ಬರ್ತೆ ಅಂದ್ರೆ ಇನ್ನೂ ಒಳ್ಳೇದಾತು. ಮೊದ್ಲೇ ಹೇಳಿ ಕಳ್ಸು, ಕೊಡ ಬೇರೆ ಕಡೆಗೆ ಇಡ್ತೇವೆ."

"ಹೇಳಿ ಕಳ್ಸೂದಿಲ್ಲ ಸುಬ್ಬತ್ತೆ. ಆ ಬಟ್ಟೆ ಹಾಕ್ಕಂಡ ಮೇಲೆ ಹೇಳಿ ಕಳ್ಸೂಕೆ ಆಗೂದಿಲ್ಲ. ಸಣ್ಣವಳಿದ್ದಾಗ ಮಾಡಿದ್ದೇ ಸಾಕು ನಂಗೆ."

ದೇವಕಿ ಎಲೆಯ ತೊಟ್ಟು ಮುರಿಯುವುದನ್ನು ನಿಲ್ಲಿಸಿದಳು. ಚೌಡಮ್ಮ ಕೇಳಿದಳು, "ನನ್ನನ್ನೂ ಎಬ್ಬಿಸ್ತೀಯಾ?"

"ಎಬ್ಬಿಸ್ಬೇಕಾಗ್ತದೆ ಅವ್ವಾ. ಬ್ಯಾಡ ಅಂತೀಯಾದ್ರೆ ಅರ್ಜಿ ಹಾಕೂದಿಲ್ಲ. ನಿನ್ನಾಣೆ, ಬೇಜಾರಿಲ್ಲ."

ಚೌಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಾಕು. ನೀ ಹುಟ್ಟಿದಾಗಿಂದ ಅದ್ರ ಮೇಲೆ ಕೂತ್ಕಂಡೇ ಇದೀನಿ. ಯಾರೂ ಎಬ್ಬಿಸ್ದಿದ್ರೆ ನಾ ಏಳೂದು ಯಾವಾಗ?"

ರೋಹಿಣಿಗೆ ಅಳು ನುಗ್ಗಿ ಬಂತು. ಅವ್ವನ ಕಾಲು ಹಿಡಿಯಲೇ ಅನ್ನಿಸಿತು. ಅಷ್ಟರಲ್ಲಿ ಸುಬ್ಬಿ ಎದ್ದು ನಿಂತಿದ್ದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ರೋಹಿಣಿಗೆ ತಡೆಯಲಾಗದ್ದು.

"ನಿಂಗೆ ಎದ್ದ ಮೇಲೆ ಮಗಳಿದಾಳೆ ಚೌಡಮ್ಮ, ಅವಳ ಸಂಬಳ ಇದ್ದದೆ. ನಾ ಎದ್ದು ಎಲ್ಲಿಗೆ ಹೋಗ್ಲಿ?" ಅಂದು ಅವಳು ಹುಚ್ಚನಿಗೆ ನೀರು ಕುಡಿಸುವ ಹೊತ್ತಾಯಿತೆಂದು ಹೊರಟುಹೋದಳು.

ಮಾರನೆ ದಿನ ರೋಹಿಣಿ ಸಿದ್ದಾಪುರದ ಅಂಚೆ ಕಚೇರಿಗೆ ಹೋಗಿ ಅರ್ಜಿ ರಿಜಿಸ್ಟರ್ ಮಾಡಿ ಬಂದಳು. ಓಟದ ಪರೀಕ್ಷೆ ಕಾರವಾರದಲ್ಲಿ. ಮೊದಲು ಗುರಿ ಮುಟ್ಟಿದವಳು ಅವಳೇ. ತರಬೇತಿ ಮುಗಿಸಿ ಯಲ್ಲಾಪುರದ ಕಡೆ ಠಾಣೆಗೆ ಬಂದಳು. ಚೌಡಮ್ಮ ಕೊಡ ಅಗೆದು ತೆಗೆಸಿ, ಆ ಗುಂಡಿಗೆ ಮಣ್ಣು ತುಂಬಿ ಸಗಣಿ ಸಾರಿಸಿದಳು. ದೇವಕಿ ಮಹಿಳಾ ಸಂಘ ಸೇರಿ ಹಪ್ಪಳಕ್ಕಿಳಿದಳು. ಸುಬ್ಬಿಯನ್ನು ಹಪ್ಪಳಕ್ಕೆ ಕರೆದರು. ಹುಚ್ಚನನ್ನು ಬಿಟ್ಟು ದಿನವಿಡೀ ಸಂಘದ ಕಟ್ಟಡದಲ್ಲಿ ಕೂರುವುದು ಅವಳಿಗಾಗಲಿಲ್ಲ. ಅವಳ ಕೊಡ ಕೊಟ್ಟಿಗೆಯಲ್ಲೇ ಉಳಿಯಿತು.

ಕೆಲಸಕ್ಕೆ ಸೇರಿದ ಮೇಲೆ ರೋಹಿಣಿ ಮಾಗೋಡಿನ ಆಚೀಚೆಯ ಹಳ್ಳಿಗಳಲ್ಲಿ ಎಷ್ಟೋ ಹೆಂಗಸರನ್ನು ಎಬ್ಬಿಸಿದಳು. ಕಂಕುಳಿಗೆ ಕೈ ಕೊಟ್ಟು, ನೋವಾಗದ ಹಾಗೆ. ಅವರು ಹಾಕುವ ಶಾಪ ಕೇಳಿಸಿಕೊಂಡಳು. ಊರಿಗೆ ಹೋದಾಗ ಸುಬ್ಬಿಯ ಮನೆಗೆ ಮಾತ್ರ ಹೋಗುತ್ತಿರಲಿಲ್ಲ. ಅವ್ವನ ಕೈಯಲ್ಲಿ ಅಕ್ಕಿ, ಬೇಳೆ, ಹುಚ್ಚನಿಗೆ ಔಷಧಿ ಕಳಿಸುತ್ತಿದ್ದಳು, ಕಳಿಸಿದಷ್ಟೂ ತನ್ನದು ಹೇಡಿತನ ಅನ್ನಿಸುತ್ತಿತ್ತು.

ಎರಡು ಸಾವಿರದ ಐದರ ಮಳೆಗಾಲ ಕಳೆದಿತ್ತು. ಸಿದ್ದಾಪುರದ ಕಡೆ ದಾಳಿಯೊಂದಿದೆ, ಮಹಿಳಾ ಸಿಬ್ಬಂದಿ ಸಾಲದು ಎಂದು ರೋಹಿಣಿಯನ್ನು ಕಳಿಸಿದರು. ಯಾವ ಊರು ಅನ್ನುವುದು ಅವಳಿಗೆ ತಿಳಿದದ್ದು ಜೀಪು ಶಿರಸಿಯಲ್ಲಿ ಚಹಾಕ್ಕೆಂದು ನಿಂತಾಗ. ಕೆಳಗಿನಕೇರಿ. ಹೋಟೆಲಿನ ಬಾಗಿಲಲ್ಲೇ ಕಾಯಿನ್ ಡಬ್ಬಿಯ ಫೋನಿತ್ತು. ಗೂಡಂಗಡಿಯ ನಂಬರು ಅವಳಿಗೆ ಬಾಯಿಪಾಠ. ಒಂದು ರೂಪಾಯಿ ಕೈಯಲ್ಲಿ ಹಿಡಿದು ಅದರ ಮುಂದೆ ನಿಂತಳು. ಇದು ನಮ್ಮೂರು, ನನ್ನನ್ನು ಬಿಡಿ ಅಂತ ಜೊತೆಗಿದ್ದ ಸಾಹೇಬರಿಗೆ ಹೇಳಬಹುದಿತ್ತು, ಮನುಷ್ಯ ಒಳ್ಳೆಯವನೇ. ಆದರೆ ತಾನು ಹೋಗದಿದ್ದರೆ ಹೋಗುವವಳು ಬೇರೆ ಯಾರೋ. ಅವಳಿಗೆ ಸುಬ್ಬತ್ತೆ ಯಾರೆಂದು ಏನು ಗೊತ್ತು? ರೂಪಾಯಿಯನ್ನು ಕಿಸೆಗೆ ಹಾಕಿಕೊಂಡು ಜೀಪು ಹತ್ತಿದಳು. ದಾರಿಯುದ್ದಕ್ಕೂ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಸುಬ್ಬಿ ಕೊಟ್ಟಿಗೆಯಲ್ಲಿ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾಗಿಲಲ್ಲಿ ಖಾಕಿ ಕಂಡು ನಿರಿಗೆ ಅಗಲ ಮಾಡಿದವಳು, ಮುಖ ನೋಡಿ ಕೈ ನಿಲ್ಲಿಸಿದಳು. ಸಾಹೇಬರು ಹಿಂದಿನಿಂದ "ಎಬ್ಬಿಸಿ" ಅಂದರು. ರೋಹಿಣಿ ಎರಡು ಹೆಜ್ಜೆ ಇಟ್ಟು ಬಗ್ಗಿದಳು.

"ನೀ ಮುಟ್ಟೂದ್ ಬ್ಯಾಡ ಮಗಾ," ಅಂದಳು ಸುಬ್ಬಿ. "ನಾನೇ ಏಳ್ತೆ."

ನೆಲಕ್ಕೆ ಕೈ ಊರಿ, ಮೊಣಕಾಲು ಹಿಡಿದು, ತಾನೇ ಎದ್ದಳು. ಗೋಣಿ ಮಡಚಿ ಬದಿಗಿಟ್ಟು, ಹಲಗೆಯನ್ನೂ ತಾನೇ ಸರಿಸಿ ಕೊಟ್ಟಳು. ಜೀಪಿನ ಹತ್ತಿರ ಹೋದವಳು ತಿರುಗಿ ಹೇಳಿದಳು, "ಗಂಜಿ ಒಲೆ ಮೇಲದೆ. ಅವರಿಗೆ ಎತ್ತಿ ಕೂರ್ಸಿ ತಿನ್ನಿಸ್ಬೇಕು, ಮನಿಗಿದಲ್ಲೇ ಹಾಕಿದ್ರೆ ನೆತ್ತಿಗೆ ಹತ್ತುತದೆ. ನಿನ್ನವ್ವಂಗೆ ಒಂದು ಮಾತು ಹೇಳು."

ಚೌಡಮ್ಮ ಪೇಟೆಗೆ ಹೋಗಿದ್ದಳು. ಸಾಹೇಬರು ಗಡಿಯಾರ ನೋಡಿ, ಬೇಗ ಮುಗಿಸಿ ಬನ್ನಿ ಅಂದರು. ರೋಹಿಣಿ ಟೋಪಿ ತೆಗೆದು ಒಳಗೆ ಹೋದಳು. ಹುಚ್ಚನ ಕಂಕುಳಿಗೆ ಕೈ ಕೊಟ್ಟು ಎತ್ತಿ, ಗೋಡೆಗೆ ಒರಗಿಸಿ ಕೂರಿಸಿದಳು. ಗಂಜಿಗೆ ಉಪ್ಪಿನಕಾಯಿ ರಸ ಬೆರೆಸಿ ಚಮಚದಲ್ಲಿ ಕೊಟ್ಟಳು. ಎರಡು ಚಮಚ ನುಂಗಿ ಅವನು ಬಾಗಿಲ ಕಡೆ ನೋಡಿದ.

"ಸುಬ್ಬಿ ಎಲ್ಲಿ?" ಅಂದ ತೊದಲುತ್ತ.

ಈಗ ಬರ್ತಾಳೆ ಅನ್ನಬಹುದಿತ್ತು. ಆ ಮಾತು ಬಾಯಿಗೆ ಬಂದೂ ಇತ್ತು.

"ಸುಬ್ಬತ್ತೆನ ನಾನೇ ಹಿಡ್ಕಂಡು ಹೋಗ್ತಾ ಇದೀನಿ ಮಾವ," ಅಂದಳು.

ಹುಚ್ಚ ಅವಳನ್ನು ನೋಡಿದ. ಅರ್ಥವಾಗಲಿಲ್ಲವೋ, ಹಸಿವೆಯೇ ಹೆಚ್ಚಾಗಿತ್ತೋ, ಮುಂದಿನ ಚಮಚಕ್ಕೆ ಬಾಯಿ ತೆರೆದ.