ಹತ್ತು ಮೀಟರ್ ಎತ್ತರದ ಹಾಡು

ನಮ್ಮ ರೇಡಿಯೊ ನಿಲಯದ ನಕ್ಷೆಯಲ್ಲಿ ಮುಟ್ಟಳ್ಳಿಗೆ ಹಸಿರು ಬಣ್ಣವಿತ್ತು. ಹಸಿರೆಂದರೆ ಅಲ್ಲಿ ರೇಡಿಯೊ ಚೆನ್ನಾಗಿ ಕೇಳುತ್ತದೆ ಎಂದು ಕಂಪ್ಯೂಟರ್ ಗುಡ್ಡ, ಕಣಿವೆಗಳನ್ನೆಲ್ಲ ಲೆಕ್ಕ ಹಾಕಿ ಹೇಳಿದ ಮಾತು. ಅದು ನಿಜವೋ ಅಲ್ಲವೋ ಎಂದು ಊರೂರು ತಿರುಗಿ ನೋಡುವುದು ನನ್ನ ಕೆಲಸ.

ಗದ್ದೆಯಂಚಿನ ಮನೆಯ ಮಾಸ್ತಮ್ಮನವರ ರೇಡಿಯೊ ಬರೀ ಗೊರಗೊರ ಅನ್ನುತ್ತಿತ್ತು. ಅವರು ಹಾಡಿದ ನಾಟಿ ಹಾಡನ್ನು ನಿಲಯದವರು ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಅವತ್ತೇ ಹನ್ನೊಂದು ಗಂಟೆಗೆ ಅದರ ಪ್ರಸಾರ.

"ನಕ್ಷೆ ಪ್ರಕಾರ ಇಲ್ಲಿ ಕೇಳಬೇಕಮ್ಮ," ಎಂದೆ.

"ಎಂತ ನಕ್ಷೆ? ಕಿವಿ ಇರೂದು ನಂಗೆ."

ಇನ್ನು ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು. ಕೇಳುವವರ ಆಂಟೆನಾ ನೆಲದಿಂದ ಹತ್ತು ಮೀಟರ್ ಮೇಲಿದೆ ಎಂದುಕೊಂಡೇ ಆ ಲೆಕ್ಕ ಮಾಡಿರುತ್ತಾರೆ ಎಂದು ಒಪ್ಪಿಕೊಂಡೆ. ಅಷ್ಟೆಂದರೆ ಎಷ್ಟು ಎತ್ತರ ಎಂದು ಕೇಳಿದರು. ಅಂಗಳದ ತೆಂಗಿನಮರ ತೋರಿಸಿದೆ.

ಮಾಸ್ತಮ್ಮ ನಗಲಿಲ್ಲ. "ಆತು," ಎಂದವರೇ ಪಕ್ಕದ ತೋಟದಲ್ಲಿ ಕಾಯಿ ಕೊಯ್ಯುತ್ತಿದ್ದ ಈರಪ್ಪನನ್ನು ಕೂಗಿದರು. "ಈರಪ್ಪಾ, ಈ ರೇಡಿಯೊ ಸೊಂಟಕ್ಕೆ ಕಟ್ಕಂಡು ಮರ ಹತ್ತು ಮಾರಾಯ."

ಹನ್ನೊಂದಕ್ಕೆ ಮರದ ತುದಿಯಿಂದ ಅವರ ಹಾಡು ಸ್ಪಷ್ಟವಾಗಿ ಇಳಿದು ಬಂತು. ಅವರು ಕೆಳಗೆ ಕತ್ತೆತ್ತಿ, ಬೇರೆ ಯಾರದೋ ಹಾಡನ್ನು ಕೇಳುವವರಂತೆ ನಿಂತಿದ್ದರು. ಮುಗಿದ ಮೇಲೆ, "ಚಲೋ ಬಂತು. ಮನೆ ಒಳಗೆ ಕೇಳೂದು ಯಾವಾಗ?" ಎಂದರು.

ವರದಿಯಲ್ಲಿ ನಕ್ಷೆ ಸರಿಯಾಗಿದೆ ಎಂದೇ ಬರೆದೆ. ಮುಟ್ಟಳ್ಳಿಯ ಜನ ನೆಲದ ಮೇಲೆ ವಾಸಿಸುತ್ತಾರೆ ಎಂದು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ.