ಆಯುಧಪೂಜೆಗೆ ಮಲಗಿಸಿದ ಫೈರ್‌ವಾಲ್

ಆಯುಧಪೂಜೆಯ ದಿನ ನಮ್ಮ ಕಾಲೇಜಿನಲ್ಲಿ ಯಾವ ಯಂತ್ರವೂ ಕೆಲಸ ಮಾಡುವಂತಿಲ್ಲ. ಬಸ್ಸು, ನೀರಿನ ಮೋಟಾರು, ಜೆರಾಕ್ಸ್ ಮಿಷನ್ನು, ಲ್ಯಾಬಿನ ತಕ್ಕಡಿ, ಎಲ್ಲಕ್ಕೂ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವು ಸಿಕ್ಕಿಸಿ, ಬಾಗಿಲಲ್ಲಿ ಕುಂಬಳಕಾಯಿ ಒಡೆದು, ಅವತ್ತಿನ ಮಟ್ಟಿಗೆ ಮಲಗಿಸಿಬಿಡುತ್ತೇವೆ. ನಂಜನಗೂಡಿನಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಒಂದು ದಿನವಾದರೂ ರಜೆ ಬೇಡವೇ? ಈ ನ್ಯಾಯವನ್ನು ಫೈರ್‌ವಾಲಿಗೂ ಅನ್ವಯಿಸಿದ ಮೊದಲ ಪುಣ್ಯಾತ್ಮ ನಾನು.

ಹಿಂದಿನ ವರ್ಷಗಳಲ್ಲಿ ಅದು ಉರಿಯುತ್ತಿದ್ದ ಹಾಗೇ ಒಂದು ಬೊಟ್ಟು ಇಟ್ಟು ಕೈಮುಗಿದು ಬರುತ್ತಿದ್ದೆ. ಈ ಸಲ ಆರತಿ ತಟ್ಟೆ ಹಿಡಿದು ಬಂದ ಅಟೆಂಡರ್ ಅದರ ಹಸಿರು ದೀಪಗಳನ್ನು ನೋಡಿ ಮುಖ ಹುಳ್ಳಗೆ ಮಾಡಿದರು.

"ಸಾ, ಎಲ್ಲಾ ಮಲ್ಗವೆ. ಇದೊಂದ್ ಯಾಕ್ ಸಾ ಕಣ್ ಬುಟ್ಕಂಡ್ ಕೂತದೆ?"

ಮಾತು ನನಗೂ ನ್ಯಾಯವೆನಿಸಿತು. ಪ್ಲಗ್ಗು ಗಟ್ಟಿಯಾಗಿ ಕೂತಿತ್ತು. ಭಕ್ತಿಯ ಭರದಲ್ಲಿ ಜಗ್ಗಿ ಕಿತ್ತೆ. ದೀಪಗಳು ಒಂದೊಂದಾಗಿ ಆರಿದವು, ಅಟೆಂಡರ್ ಮಂಗಳಾರತಿ ಎತ್ತಿದರು, ನಾನು ಕಣ್ಣು ಮುಚ್ಚಿ ಬೇಡಿಕೊಂಡೆ. ಏನು ಬೇಡಿಕೊಂಡೆನೋ ನೆನಪಿಲ್ಲ. ಕೊಡಬೇಕಾದವರು ಅದನ್ನು ಕೇಳಿಸಿಕೊಂಡಂತೆ ಮಾತ್ರ ಕಾಣುವುದಿಲ್ಲ.

ಫೈರ್‌ವಾಲ್ ಎಂದರೆ ಕಾಲೇಜಿಗೆ ಬರುವ ಇಂಟರ್ನೆಟ್ಟಿನ ಬಾಗಿಲಲ್ಲಿ ಕೂತ ಕಾವಲುಗಾರ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ನಾವು ಹೇಳಿಕೊಟ್ಟ ಹಾಗೆ ನಡೆದುಕೊಳ್ಳುತ್ತದೆ. ನೋಡಲು ಸ್ವೀಟ್ ಡಬ್ಬಿಯಷ್ಟಿದೆ. ಅದಕ್ಕೆ ಹೇಳಿಕೊಡುವವನು ನಾನು; ಹುದ್ದೆಯ ಹೆಸರು ಉದ್ದವಿದ್ದರೂ ಎಲ್ಲರ ಬಾಯಲ್ಲಿ 'ಸಿಸ್ಟಂ ಸಾ'. ನಮ್ಮ ಸಂಸ್ಥೆಗೆ ನಂಜನಗೂಡಿನಲ್ಲೊಂದು, ತಿ. ನರಸೀಪುರದಲ್ಲೊಂದು ಕಾಲೇಜು. ನರಸೀಪುರದ್ದು ಈ ವರ್ಷ ಹೊಸ ಕಟ್ಟಡಕ್ಕೆ ಬಂದಾಗ ಅಲ್ಲಿನ ಇಂಟರ್ನೆಟ್ಟೂ ನಂಜನಗೂಡಿನ ಈ ಡಬ್ಬಿಯ ಮೂಲಕವೇ ಹೋಗುವಂತೆ ಮಾಡಿದೆ. ಅದಕ್ಕಾಗಿ ಆಡಳಿತ ಮಂಡಳಿಯವರು ನನಗೆ ಶಾಲು ಹೊದಿಸಿದರು. ಆ ಶಾಲನ್ನು ನನ್ನ ಹೆಂಡತಿ ಮನೆಯ ಗ್ರೈಂಡರಿಗೆ ಹೊದಿಸಿದ್ದಾಳೆ.

ಹೆಂಡತಿ ಆ ನರಸೀಪುರದ ಕಾಲೇಜಿನಲ್ಲೇ ಕನ್ನಡ ಪಾಠ ಮಾಡುತ್ತಾಳೆ. ದಿನಾ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಮನೆ, ಮಗಳು, ನಮ್ಮಮ್ಮನ ಔಷಧಿ, ಉತ್ತರಪತ್ರಿಕೆಗಳ ಕಟ್ಟು, ಇವೆಲ್ಲದರ ನಡುವೆ ಅದು ಹೇಗೋ ಪಿಎಚ್.ಡಿ. ಪ್ರಬಂಧ ಬರೆದು ಮುಗಿಸಿದ್ದಳು. ವೈವಾ ಒಂದು ಬಾಕಿ ಇತ್ತು, ಅಂದರೆ ಪರೀಕ್ಷಕರ ಎದುರು ಕೂತು ಪ್ರಬಂಧವನ್ನು ಸಮರ್ಥಿಸಿಕೊಳ್ಳುವ ಕೊನೆಯ ಪರೀಕ್ಷೆ. ಒಮ್ಮೆ ಪರೀಕ್ಷಕರಿಗೆ ಮೈ ಹುಷಾರಿಲ್ಲದೆ, ಇನ್ನೊಮ್ಮೆ ಯಾವುದೋ ಮೇಜಿನ ಮೇಲೆ ಕಡತ ನಿದ್ದೆಹೋಗಿ, ದಿನ ಮುಂದಕ್ಕೆ ಹೋಗಿತ್ತು. ಕೊನೆಗೂ ದಸರಾ ರಜೆ ಮುಗಿದ ಸೋಮವಾರ ಬೆಳಿಗ್ಗೆ ಆನ್‌ಲೈನಿನಲ್ಲಿ ಎಂದು ಗೊತ್ತಾಯಿತು. ಅವಳ ನೋಂದಣಿಯ ಅವಧಿ ಮುಗಿಯುವುದೂ ಅದೇ ವಾರ. ಆ ದಿನ ತಪ್ಪಿದರೆ ಇಷ್ಟು ವರ್ಷದ ಕೆಲಸಕ್ಕೆ ಮತ್ತೆ ಮೊದಲಿಂದ ಅರ್ಜಿ ಹಾಕಬೇಕಿತ್ತು.

ಅವಳ ಕಾಲೇಜಿನ ಪ್ರಿನ್ಸಿಪಾಲರಿಗೆ ಹೊಸ ಸಭಾಂಗಣದ ಮೇಲೆ ಬಲು ಅಭಿಮಾನ. ವೈವಾ ಅಲ್ಲೇ ಆಗಬೇಕು, ಊರವರೂ ಬಂದು ಕೂತು ಕೇಳಬೇಕು ಎಂದರು. ಆ ಸಭಾಂಗಣದ ಗೋಡೆಗಳು ಎಂಥವೆಂದರೆ ಒಳಗೆ ಕಾಲಿಟ್ಟರೆ ಮೊಬೈಲು ಸತ್ತ ಹಾಗೆ. ಎಲ್ಲವೂ ನನ್ನ ಡಬ್ಬಿಯನ್ನೇ ನಂಬಿಕೊಂಡಿತ್ತು.

ಭಾನುವಾರ ಅವಳು ಕೇಳಿದಳು: "ರೀ, ಒಂದ್ಸಲ ಕಾಲೇಜಿಗೆ ಹೋಗಿ ಅದು ಸರಿಯಾಗಿದ್ಯಾ ನೋಡ್ಕೊಂಡ್ ಬರಬಾರ್ದಾ?"

ನಾನು ಹಬ್ಬದಲ್ಲಿ ಉಳಿದ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಿದ್ದೆ. "ಅದಕ್ಕೇನಾಗುತ್ತೆ? ಮಲಗಿದೆ ಅಷ್ಟೇ. ಬೆಳಿಗ್ಗೆ ಸ್ವಿಚ್ ಹಾಕ್ತೀನಿ, ಎದ್ದೇಳುತ್ತೆ. ಆಮೇಲೆ ಸೀದಾ ಅಲ್ಲಿಗೆ ಬಂದು ಮುಂದಿನ ಸಾಲಲ್ಲಿ ಕೂತ್ಕೋತೀನಿ," ಎಂದೆ. ಅವಳು ಸೀರೆಗೆ ಇಸ್ತ್ರಿ ಹಾಕಲು ಹೋದಳು.

ಸೋಮವಾರ ಅವಳು ಮೊದಲ ಬಸ್ಸಿಗೇ ಹೋದಳು. ನಾನು ಕಾಲೇಜಿಗೆ ಹೋಗಿ ಪ್ಲಗ್ಗು ಸಿಕ್ಕಿಸಿ ಸ್ವಿಚ್ ಹಾಕಿದೆ. ವಿಭೂತಿಯ ಮೂರು ಗೆರೆಗಳ ಕೆಳಗೆ ಹಸಿರು ದೀಪಗಳು ಹತ್ತಿದವು. ನಂಜನಗೂಡಿನಲ್ಲಿ ಇಂಟರ್ನೆಟ್ ಬಂತು. ನನ್ನ ಮೇಲೆ ನನಗೇ ಗೌರವ ಬಂದು, ಕ್ಯಾಂಟೀನಿಗೆ ಹೋಗಿ ಇಡ್ಲಿ ತಿಂದು ಬಂದೆ. ಬೈಕಿನ ಬೀಗ ತೆಗೆಯುತ್ತಿರುವಾಗ ಹೆಂಡತಿಯ ಫೋನು ಬಂತು. ಸಭಾಂಗಣದಿಂದ ವರಾಂಡಕ್ಕೆ ಬಂದು ಮಾತಾಡುತ್ತಿದ್ದಳು.

"ಇಲ್ಲಿ ಏನೂ ಬರ್ತಿಲ್ಲ ಕಣ್ರೀ."

"ನಿಮ್ಮ ಕಡೆ ಕೇಬಲ್ ಸಡಿಲ ಆಗಿರ್ಬೇಕು ನೋಡು," ಎಂದೆ. ಏನೇ ಕೆಟ್ಟರೂ ಮೊದಲು ಎದುರಿನವರ ಕೇಬಲ್ ಮೇಲೆ ಹಾಕುವುದು ನಮ್ಮ ಕಸುಬಿನ ಸಂಪ್ರದಾಯ. ರೇಷ್ಮೆ ಸೀರೆ ಉಟ್ಟುಕೊಂಡು ಅವಳು ಮೇಜಿನ ಕೆಳಗೆ ತೂರಿ ಕೇಬಲ್ ಕಿತ್ತು ಸಿಕ್ಕಿಸಿದಳು. ಬರಲಿಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿಸಿದೆ. ಬರಲಿಲ್ಲ. ಇಲಿ ಕಡಿದಿರಬಹುದು ಎಂದೆ. ಹೊಸ ಕಟ್ಟಡದಲ್ಲಿ ಇನ್ನೂ ಇಲಿ ಬಂದಿಲ್ಲ ಎಂದಳು. ಆಮೇಲೆ ಮೆಲ್ಲಗೆ, "ನಿಮ್ಮ ಡಬ್ಬಿ ನೋಡಿದ್ರಾ?" ಎಂದಳು.

ನೋಡಿರಲಿಲ್ಲ. ಬೈಕು ಅಲ್ಲೇ ಬಿಟ್ಟು ಓಡಿದೆ. ಲ್ಯಾಪ್‌ಟಾಪಿನಿಂದ ಫೈರ್‌ವಾಲಿನ ಒಳಗೆ ಹೋಗಿ ನೋಡಿದೆ. ಅದಕ್ಕೆ ನರಸೀಪುರ ಎಂಬ ಊರೇ ಗೊತ್ತಿಲ್ಲ! ನಾನು ಈ ವರ್ಷ ಹೇಳಿಕೊಟ್ಟದ್ದು ಒಂದೂ ಅದರ ತಲೆಯಲ್ಲಿಲ್ಲ. ಹೊಸ ಕಟ್ಟಡ ಕಟ್ಟುವುದಕ್ಕೂ ಮುಂಚಿನ ಕಾಲದಲ್ಲಿ ಹಾಯಾಗಿ ಕೂತಿದೆ. ನರಸೀಪುರದ ವಿವರಗಳನ್ನೆಲ್ಲ ಮತ್ತೆ ಟೈಪ್ ಮಾಡಿ, ಉಳಿಸು ಎಂಬ ಗುಂಡಿ ಒತ್ತಿದೆ. ಉಳಿಸಲು ಜಾಗವಿಲ್ಲ ಎಂದಿತು.

ಆಗ ಅರ್ಥವಾಯಿತು. ಅದರ ಹೊಟ್ಟೆ ಯಾವಾಗಲೋ ತುಂಬಿಹೋಗಿತ್ತು. ಆಮೇಲೆ ನಾನು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಲಾಗದೆ, ಎಚ್ಚರವಿರುವಷ್ಟು ದಿನ ಬರೀ ನೆನಪಿನಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತಿತ್ತು. ಕರೆಂಟು ಹೋದರೂ ಯುಪಿಎಸ್ಸಿನ ಬ್ಯಾಟರಿ ಅದನ್ನು ಮಲಗಲು ಬಿಟ್ಟಿರಲಿಲ್ಲ. ನಾನು ಪೂಜೆ ಮಾಡಿ ಮಲಗಿಸಿದ ಕೂಡಲೇ ಎಲ್ಲ ಮರೆಯಿತು. ಜಾಗ ತುಂಬುತ್ತಿದೆ ಎಂದು ಅದು ಎಚ್ಚರಿಸಿರಲಿಲ್ಲವೇ? ಎಚ್ಚರಿಸಿತ್ತು. ತಿಂಗಳುಗಟ್ಟಲೆ ಪರದೆಯ ಮೇಲೊಂದು ಹಳದಿ ಪಟ್ಟಿ ಬರುತ್ತಿತ್ತು. ನಾನು ಓದದೆಯೇ ಓಕೆ ಒತ್ತುತ್ತಿದ್ದೆ.

ಏನು ತುಂಬಿದೆ ಎಂದು ನೋಡಿದೆ. ನಮ್ಮಮ್ಮ ಅಟ್ಟದ ಮೇಲೆ ಖಾಲಿ ಎಣ್ಣೆ ಡಬ್ಬ, ಹಿಡಿ ಮುರಿದ ಬಾಣಲೆ, ಮದುವೆಗಳಲ್ಲಿ ಕೊಟ್ಟ ಪ್ಲಾಸ್ಟಿಕ್ ಬುಟ್ಟಿಗಳನ್ನು ಪೇರಿಸಿಟ್ಟಿದ್ದಾರೆಂದು ಪ್ರತಿ ಯುಗಾದಿಗೂ ಭಾಷಣ ಬಿಗಿಯುವವನು ನಾನು. ಆ ತಾಯಿಗೆ ತಕ್ಕ ಮಗನಾಗಿ, ಒಂದಕ್ಷರ ಬದಲಿಸಿದಾಗಲೂ ಹಳೆಯದರ ಒಂದು ಪ್ರತಿ ತೆಗೆದು ಆ ಡಬ್ಬಿಯೊಳಗೇ ಇಟ್ಟಿದ್ದೆ. 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್', 'ದೇವರಾಣೆ ಫೈನಲ್'. ಅದರ ಜೊತೆಗೆ ಕಾಲೇಜಿನಲ್ಲಿ ಯಾರು ಯಾವಾಗ ಏನು ನೋಡಿದರು ಎಂಬುದೆಲ್ಲ ದಾಖಲಾಗಲಿ ಎಂದು ಅಪ್ಪಣೆ ಬೇರೆ ಕೊಟ್ಟಿದ್ದೆ. ಮಂಡಳಿಯವರೆದುರು ಹಾಗೆಂದು ಹೇಳಿಕೊಳ್ಳಲು ಬಹಳ ಚೆನ್ನಾಗಿತ್ತು. ಅದರಲ್ಲಿ ಒಂದು ಸಾಲನ್ನೂ ನಾನು ಓದಿರಲಿಲ್ಲ.

ದೇವರಾಣೆಗಳನ್ನೆಲ್ಲ ಅಳಿಸಿದೆ. ದಾಖಲೆಗಳನ್ನೂ ಅಳಿಸಿದೆ. ಆದರೂ ಜಾಗ ತೆರವಾಗಲಿಲ್ಲ. ಒಮ್ಮೆ ಆರಿಸಿ ಹಚ್ಚಬೇಕು ಎಂದಿತು. ಆರಿಸಿದರೆ ಈಗ ಹೇಳಿಕೊಟ್ಟದ್ದೂ ಹೋಗುತ್ತದೆ, ಮತ್ತೆ ಹೊಂದಿಸುವಷ್ಟು ಹೊತ್ತಿಲ್ಲ. ಅಷ್ಟರಲ್ಲಿ ವರಾಂಡದಿಂದ ಅವಳ ಫೋನು: "ಬಂತು ಕಣ್ರೀ, ಪರೀಕ್ಷಕರು ಕಾಣಿಸ್ತಿದ್ದಾರೆ." ಅವಳ ದನಿಯಲ್ಲಿ ಅಳುವೂ ನಗುವೂ ಸೇರಿತ್ತು. ಇನ್ನು ವೈವಾ ಮುಗಿಯುವ ತನಕ ಡಬ್ಬಿ ಎಚ್ಚರವಾಗಿದ್ದರೆ ಸಾಕು.

ಉಸಿರು ಬಿಟ್ಟು ಎದ್ದೆ. ನನ್ನ ಮೊಣಕಾಲು ವೈರಿಗೆ ತಾಗಿತು. ದೀಪಗಳು ಮಿಟುಕಿದವು. ಹಬ್ಬದ ದಿನ ಭಕ್ತಿಯಿಂದ ಜಗ್ಗಿದ್ದೆನಲ್ಲ, ಪ್ಲಗ್ಗಿನ ಕಾಲು ಸೊಟ್ಟಗಾಗಿ ಲಡಲಡ ಎನ್ನುತ್ತಿತ್ತು. ಕಿತ್ತು ಬೇರೆ ಕಡೆ ಹಾಕುವಂತಿಲ್ಲ, ಕಿತ್ತರೆ ಕಥೆ ಮುಗಿಯಿತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಲಗೈಯಿಂದ ಪ್ಲಗ್ಗನ್ನು ಗೋಡೆಗೆ ಒತ್ತಿ ಹಿಡಿದೆ. ಮುಂದಿನ ಸಾಲಿನಲ್ಲಿ ಕೂರುತ್ತೇನೆಂದವನಿಗೆ ಸಿಕ್ಕಿದ ಜಾಗ ಅದು.

ಅಟೆಂಡರ್ ಒದ್ದೆ ಬಟ್ಟೆ ಹಿಡಿದು ಬಂದರು. "ಸಾ, ಇಬೂತಿ ಒರ್ಸ್ಬುಡ್ತೀನಿ. ಒಸಿ ಆಫ್ ಮಾಡಿ ಸಾ."

"ಮುಟ್ಟಿದ್ರೆ ನೋಡಿ!" ಎಂದು ಕಿರುಚಿದೆ.

ಅವರು ನನ್ನನ್ನೂ ಪ್ಲಗ್ಗನ್ನೂ ನೋಡಿದರು. "ಪೂಜೆ ಇನ್ನೂ ಮುಗಿದಿಲ್ವಾ ಸಾ?" ಎಂದು ಚಪ್ಪಲಿ ಬಾಗಿಲಾಚೆ ಬಿಟ್ಟು ಕೈಮುಗಿದು ಹೋದರು.

ಎಡಗೈಯಿಂದ ಲ್ಯಾಪ್‌ಟಾಪಿನಲ್ಲಿ ವೈವಾ ತೆರೆದೆ. ಯಾರು ಬೇಕಾದರೂ ಕೇಳಬಹುದಿತ್ತು. ನನಗಂತೂ ಬೇರೆ ದಾರಿಯೇ ಇರಲಿಲ್ಲ. ಫೋನು ನೋಡೋಣವೆಂದರೆ ಅದು ಮೇಜಿನ ಮೇಲಿತ್ತು, ಕೈಗೆ ಎಟುಕುತ್ತಿರಲಿಲ್ಲ.

ಅವಳ ಪ್ರಬಂಧ ಜಾನಪದದ್ದು ಎಂಬಷ್ಟು ನನಗೆ ಗೊತ್ತಿತ್ತು. ಬತ್ತದ ಗದ್ದೆಯಲ್ಲಿ ಪೈರು ನೆಡುವಾಗ ಹೆಂಗಸರು ಹಾಡುವ ನಾಟಿ ಪದಗಳ ಮೇಲಿನದು ಎಂದು ಅಲ್ಲಿ ಕೂತು ತಿಳಿದುಕೊಂಡೆ. ಆಯಾಸ ಮರೆಯಲು ಹಾಡುತ್ತಾರೆ ಎಂದು ಎಲ್ಲರೂ ಬರೆದಿರುವಾಗ ನೀವು ಯಾಕೆ ಒಪ್ಪುವುದಿಲ್ಲ ಎಂದು ಪರೀಕ್ಷಕರು ಕೇಳಿದರು. ಅವಳು ನಮ್ಮೂರ ಪಕ್ಕದ ಕಳಲೆಯ ಒಬ್ಬ ಅಜ್ಜಿಯ ವಿಷಯ ಹೇಳಿದಳು. ಗದ್ದೆಯ ಯಜಮಾನ ಬದುವಿನ ಮೇಲೆ ಬಂದು ನಿಂತರೆ ಹೆಂಗಸರು ರಾಗ ಬಿಡದೆಯೇ ಮಾತು ಬದಲಿಸುತ್ತಿದ್ದರಂತೆ. ಅವನಿದ್ದಾಗ ಅವನ ಬೆಳೆಯ ಹೊಗಳಿಕೆ. ಬೆನ್ನು ತಿರುಗಿಸಿದ ಮೇಲೆ ಅವನ ಹೊಟ್ಟೆ, ಅವನು ಕೂಲಿಯ ಬತ್ತ ಅಳೆಯುವಾಗ ಮಾಡುವ ಮೋಸ, ಮನೆಯಲ್ಲಿ ಬಿದ್ದುಕೊಂಡಿರುವ ತಮ್ಮ ಗಂಡಂದಿರು. ಒಂದೊಂದು ದಿನ ಅವನು ನಿಂತಿರುವಾಗಲೇ ಅವನ ಹೊಟ್ಟೆಯ ಪದ ಹಾಡಿದ್ದೂ ಉಂಟಂತೆ. ಅಜ್ಜಿಯ ಮಾತನ್ನು ಅವಳು ಅಜ್ಜಿಯ ಹಾಗೇ ಹೇಳಿದಳು:

"ಅವ್ನಿಗೆಲ್ ಗೊತ್ತಾಯ್ತಿತ್ತು ಕಣವ್ವಾ? ಅವ್ನು ನೋಡ್ತಿದ್ದುದ್ದು ನಮ್ ಕೈ ಓಡ್ತಾ ಅದೋ ಇಲ್ವೋ ಅಂತ. ಪದ ಯಾವತ್ ಕೇಳ್ದ?"

ಆಮೇಲೆ ಎರಡು ಪದಗಳನ್ನೂ ಹಾಡಿ ತೋರಿಸಿದಳು. ಅವಳು ಹಾಡುತ್ತಾಳೆಂದೇ ನನಗೆ ಗೊತ್ತಿರಲಿಲ್ಲ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಬಲಗೈ ಜೋಮು ಹಿಡಿದಿತ್ತು, ಭುಜ ಸಿಡಿಯುತ್ತಿತ್ತು, ಆದರೂ ಬೇಗ ಮುಗಿಯಲಿ ಎಂದು ಅನ್ನಿಸಲಿಲ್ಲ. ಪರೀಕ್ಷಕರು ಅವಳನ್ನು ಡಾಕ್ಟರ್ ಎಂದು ಕರೆದಾಗ ಸಭಾಂಗಣ ಚಪ್ಪಾಳೆ ತಟ್ಟಿತು. ನಾನು ಒಂದೇ ಕೈಯಲ್ಲಿ ತೊಡೆ ತಟ್ಟಿಕೊಂಡೆ. ನನಗೆ ಅಳು ಬಂತು. ಅಷ್ಟು ಹೆಮ್ಮೆಯಾಗಿತ್ತು.

ಎಲ್ಲ ಮುಗಿದ ಮೇಲೆ ಪ್ಲಗ್ಗು ಬಿಟ್ಟೆ. ಡಬ್ಬಿ ಪಾಪ, ಕೂಡಲೇ ಆರಿತು. ಮೇಜಿನ ಮೇಲಿನ ಫೋನು ಎತ್ತಿಕೊಂಡೆ. ಅವಳೇ ಮಾಡುತ್ತಿದ್ದಳು. ಹಿಂದೆ ಕೇಸರಿಬಾತಿನ ತಟ್ಟೆಗಳ ಸದ್ದು.

"ಎಷ್ಟು ಚೆನ್ನಾಗಿ ಹೇಳ್ದೆ ಕಣೇ," ಎಂದೆ. "ಆ ಕಳಲೆ ಅಜ್ಜಿ ವಿಷಯವಂತೂ! ಇಂಥಾದ್ದನ್ನ ನಂಗ್ಯಾಕೆ ಒಂದಿನಾನೂ ಹೇಳ್ಲಿಲ್ಲ ನೀನು?"

ಅವಳು ತಟ್ಟೆಗಳ ಸದ್ದಿನಿಂದ ದೂರ ಬಂದಳು.

"ಆ ಅಜ್ಜಿ ಮನೆಗೆ ನನ್ನ ಕರ್ಕೊಂಡ್ ಹೋಗಿದ್ದು ನೀವೇ ಕಣ್ರೀ," ಎಂದಳು. ಸಿಟ್ಟಿರಲಿಲ್ಲ. "ಅವರು ಒಳಗೆ ನಡುಮನೇಲಿ ಹಾಡ್ತಿದ್ರು. ನೀವು ಜಗಲಿ ಮೇಲೆ ಕೂತು ಫೋನ್ ನೋಡ್ತಿದ್ರಿ. ಹೊರಟಾಗ, ಅಜ್ಜಿ ಏನಾದ್ರೂ ಹೇಳಿದ್ರಾ ಅಂತ ಕೇಳಿದ್ರಿ. ನಾನು ಮನೆ ಬರೋವರೆಗೂ ಅದನ್ನೇ ಹೇಳ್ಕೊಂಡ್ ಬಂದೆ."

ಹೆಲ್ಮೆಟ್ ಹಾಕಿಕೊಂಡಿದ್ದೆನಲ್ಲ, ಕೇಳಿಸಿರಲಿಕ್ಕಿಲ್ಲ ಎಂದು ಹೇಳಲು ಬಾಯಿ ತೆರೆದೆ. ನಾವು ಅವತ್ತು ಕಳಲೆಗೆ ಹೋಗಿದ್ದು ಕಾರಿನಲ್ಲಿ.